ಹೊಳೆ ದಡದಲ್ಲಿ ಐಸ್ ಪ್ಲಾಂಟ್‌ಗೆ ಒಪ್ಪಿಗೆ, ನನ್ನ ಹೋಟೆಲ್‌ಗೆ ಯಾಕಿಲ್ಲ?

ಅಳಿವೆಯಿಂದ ಒಂದಿಷ್ಟು ಮೇಲೆ, ಹೊಳೆ ದಡದಲ್ಲಿ ನಿಮ್ಮದು 30 ಸೆಂಟ್ಸ್ ಜಾಗ. ಪಕ್ಕದಲ್ಲೇ ಐಸ್ ಪ್ಲಾಂಟ್ ಎದ್ದಿದೆ, ನಿಮ್ಮ ಹೋಟೆಲ್‌ಗೆ ಮಾತ್ರ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಅಡ್ಡ ಬಂದಿದೆ. ಇದು ಅನ್ಯಾಯ ಅಲ್ವಾ ಅಂತ ಕೇಳಿದ್ದೀರಿ. ನನಗೇನೋ ಹಾಗೆ ಅನ್ನಿಸುವುದಿಲ್ಲ. ಕರಾವಳಿಯಲ್ಲಿ ಕಟ್ಟಡದ ನಕ್ಷೆ ಮಾಡಿಕೊಡುವುದೇ ನನ್ನ ಕೆಲಸ, ಈ ಜಗಳ ಆಗಾಗ ನನ್ನ ಟೇಬಲ್‌ಗೆ ಬರುತ್ತದೆ.

ದಡದ ನಿಯಮದ ಒಳಗಿರುವ ಪ್ರಶ್ನೆ ಇಷ್ಟೇ: ನೀರಿನಿಂದ ದೂರ ಇಟ್ಟರೆ ಈ ಕೆಲಸ ನಡೆಯುತ್ತದಾ? ದೋಣಿ ನಿಲ್ಲುವ ಜೆಟ್ಟಿಯನ್ನು ತೆಂಗಿನ ತೋಟದೊಳಗೆ ಕಟ್ಟಲು ಆಗುವುದಿಲ್ಲ. ಮೀನು ಹರಾಜು ಕಟ್ಟೆ, ಬಲೆ ರಿಪೇರಿ ಮಾಡುವ ಜಾಗ, ಮೀನು ಒಣಗಿಸುವ ಅಂಗಳ, ಐಸ್ ಪ್ಲಾಂಟ್ ಇವೆಲ್ಲ ಸ್ಥಳೀಯ ಮೀನುಗಾರರಿಗೆ ದಡದಲ್ಲೇ ಬೇಕು. ಹಾಗಾಗಿ ಕಟ್ಟಡ ನಿಷೇಧ ಇರುವ ದಡದ ಭಾಗದಲ್ಲೂ ಅವಕ್ಕೆ ಜಾಗ ಬಿಟ್ಟಿದ್ದಾರೆ. ಹೋಟೆಲ್ ಹೊಳೆ ಕಡೆ ಮುಖ ಮಾಡಿದ್ದರೆ ವ್ಯಾಪಾರ ಜಾಸ್ತಿ, ನಿಜ. ಆದರೆ ನೂರು ಮೀಟರ್ ಹಿಂದೆ ಕಟ್ಟಿದರೂ ದೋಸೆ ಏಳುತ್ತದೆ.

ಸಿಗಡಿ ಕೆರೆಯವರೂ ಈ ವಾದ ಮಾಡಿ ನೋಡಿದ್ದರು. ಉಪ್ಪುನೀರಿಲ್ಲದೆ ಸಿಗಡಿ ಬೆಳೆಯುವುದಿಲ್ಲ, ಆದ್ದರಿಂದ ದಡ ಬೇಕೇ ಬೇಕು ಅಂತ. 1996ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ದೊಡ್ಡ ಪ್ರಮಾಣದ ಸಿಗಡಿ ಉದ್ಯಮಕ್ಕೆ ದಡವೇ ನೇರವಾಗಿ ಬೇಕು ಅನ್ನಲಾಗದು ಎಂದಿತು, ಸಾಂಪ್ರದಾಯಿಕವಾಗಿ ಬೆಳೆಯುವವರನ್ನು ಮಾತ್ರ ಬಿಟ್ಟಿತು. ಆಮೇಲೆ 2005ರಲ್ಲಿ ಅದಕ್ಕೇ ಅಂತ ಬೇರೆ ಕಾಯ್ದೆ ಬಂತು, ಆ ಕಥೆ ಇಲ್ಲಿ ಬೇಡ. ಉಪ್ಪುನೀರೇ ಬೇಕು ಅಂದವರಿಗೇ ಹೀಗಾದರೆ ಊಟದ ಹೋಟೆಲ್‌ಗೆ ಹೇಳುವುದೇನು!

ನಾನೂ ಒಮ್ಮೆ ಎಡವಿದ್ದೇನೆ. ಒಬ್ಬರು ದೋಣಿ ರಿಪೇರಿ ಶೆಡ್ ಕೇಳಿದರು, ಅದು ಸಲೀಸಾಗಿ ಆಗಬೇಕಾದ್ದು. ಮೇಲೆ ಸುಮ್ನೆ ಎರಡು ರೂಮು ಇರಲಿ, ಪ್ರವಾಸಿಗರಿಗೆ ಕೊಡಬಹುದು ಅಂದರು. ನಾನೂ ಹಾಕಿಬಿಟ್ಟೆ. ಆ ಎರಡು ರೂಮಿನಿಂದ ಇಡೀ ಫೈಲು ವಾಪಸ್ ಬಂತು. ಮತ್ತೆ ಬರೆಯುವಾಗ ದೋಣಿ ಎಳೆಯುವ ಇಳಿಜಾರು ಮತ್ತು ಶೆಡ್ ಮಾತ್ರ ನೀರಿನ ಕಡೆ ಇಟ್ಟೆ. ಆಫೀಸು, ಪಾರ್ಕಿಂಗ್ ಎಲ್ಲ ಹಿಂದಕ್ಕೆ ಹೋಯಿತು. ಒಂದೇ ಜಾಗ, ಒಬ್ಬರೇ ಮಾಲೀಕರು ಅಂದ ಮಾತ್ರಕ್ಕೆ ಜೆಟ್ಟಿಗೆ ಸಿಗುವ ರಿಯಾಯಿತಿ ಅದರ ಬೆನ್ನಿಗೆ ಅಂಟಿಸಿದ ರೂಮಿಗೆ ಸಿಗುವುದಿಲ್ಲ.

ಇನ್ನು ನಿಮ್ಮ ಜಾಗ. ಸಮುದ್ರದ ಕಡೆಯಿಂದ 500 ಮೀಟರ್ ಲೆಕ್ಕ ನಿಮಗೆ ತಾಗುವುದಿಲ್ಲ ಅಂದಿದ್ದೀರಿ, ಹಾಗಾದರೆ ಉಳಿಯುವುದು ಹೊಳೆ ಲೆಕ್ಕ ಒಂದೇ, ಅಂದರೆ ಹೊಳೆಯಿಂದ ಎಷ್ಟು ಮೀಟರ್ ತನಕ ಸಿಆರ್‌ಝಡ್ ಬರುತ್ತದೆ ಅನ್ನುವುದು. 2011ರ ಅಧಿಸೂಚನೆಯಲ್ಲಿ ಅದು 100 ಮೀಟರ್ ಇತ್ತು, 2019ರದ್ದರಲ್ಲಿ 50ಕ್ಕೆ ಇಳಿಯಿತು. ಎರಡರಲ್ಲೂ ಒಂದು ಮಾತು ಇದೆ: ಇಷ್ಟು ಮೀಟರ್, ಇಲ್ಲವೇ ಹೊಳೆಯ ಅಗಲ, ಯಾವುದು ಕಮ್ಮಿಯೋ ಅದು. ಇದನ್ನು ಓದದೆ ಬಹಳ ಜನ ಸುಮ್ನೆ ಕೈಬಿಡುತ್ತಾರೆ. ನಿಮ್ಮ ಜಾಗ ಹಿಂದಕ್ಕೆ 60 ಮೀಟರ್ ಉದ್ದ. ಅಲ್ಲಿ ಹೊಳೆ 35 ಮೀಟರ್ ಅಗಲ ಇದ್ದರೆ ಹಿಂದಿನ 25 ಮೀಟರ್ ಸಿಆರ್‌ಝಡ್ ಹೊರಗೇ ಬೀಳುತ್ತದೆ. ಹೋಟೆಲ್ ಅಲ್ಲಿ ಕಟ್ಟಿ.

ಆದರೆ ಟೇಪು ಎಲ್ಲಿಂದ ಹಿಡಿದಿರಿ? ಇಳಿತದ ಹೊತ್ತಲ್ಲಿ ಏಡಿ ತೂತು ಕಾಣುವ ಕೆಸರಿನಿಂದ ಅಳೆದವರನ್ನು ನೋಡಿದ್ದೇನೆ. ಹುಣ್ಣಿಮೆ ಉಬ್ಬರಕ್ಕೆ ಅದೇ ಜಾಗದಲ್ಲಿ ಸೊಂಟದ ತನಕ ನೀರು. ಲೆಕ್ಕ ಶುರುವಾಗುವುದು ಆ ದೊಡ್ಡ ಉಬ್ಬರ ಮುಟ್ಟುವ ಗೆರೆಯಿಂದ, ಅದೂ ಸರ್ಕಾರ ಒಪ್ಪಿದ ಕರಾವಳಿ ನಕ್ಷೆಯಲ್ಲಿ ಎಳೆದಿರುವ ಗೆರೆಯಿಂದ. ಸರ್ವೆ ನಂಬರ್ ಕೊಟ್ಟು ನಿಮ್ಮ ಜಾಗವನ್ನು ಆ ನಕ್ಷೆಯ ಮೇಲೆ ಕೂರಿಸಿ ನೋಡಿ.

ಹೊಳೆ ಎಲ್ಲಿಯ ತನಕ ಈ ನಿಯಮಕ್ಕೆ ಸೇರುತ್ತದೆ ಅನ್ನುವುದಕ್ಕೂ ಒಂದು ಅಳತೆ ಇದೆ. ವರ್ಷದ ಅತಿ ಒಣ ದಿನಗಳಲ್ಲಿ ಸಾವಿರ ಭಾಗ ನೀರಿಗೆ 5 ಭಾಗ ಉಪ್ಪು ಸಿಗುವ ತನಕ. ಮಳೆಗಾಲದಲ್ಲಿ ನೀರು ಸಿಹಿ ಇತ್ತು ಅಂತ ವಾದ ಮಾಡಿ ಲಾಭವಿಲ್ಲ. ಪಕ್ಕದಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಇದ್ದರಂತೂ ಲೆಕ್ಕವೇ ಬೇರೆ.

ಎರಡು ವಿಷಯ ನೀವು ಬರೆದಿಲ್ಲ. ಜಾಗ ಪಂಚಾಯ್ತಿಯಲ್ಲಿದೆಯಾ, ಪುರಸಭೆಯಲ್ಲಿದೆಯಾ? ಪರವಾನಗಿ ಇರುವ ಹಳೆಯ ಮನೆ ಏನಾದರೂ ಅದರಲ್ಲಿದೆಯಾ? ಇದ್ದರೆ ಅದೇ ಪಾಯದ ಅಳತೆಯಲ್ಲಿ ರಿಪೇರಿ ಮಾಡುವ ದಾರಿಯೂ ಇದೆ. ತಿಳಿಸಿ, ನೋಡೋಣ.