ಟಗರಿನ ಬೇಟೆಗೆ ಒಬ್ಬನೇ ಹೋಗಲೇ?

ಓದುಗರ ಪತ್ರ: “ಅಲಾಸ್ಕಾದಲ್ಲಿ ನೆಲೆಸಿ ನಾಲ್ಕು ವರ್ಷವಾಯಿತು. ವಯಸ್ಸು 47. ಕ್ಯಾರಿಬೂ (ಹಿಮಸಾರಂಗ) ಬೇಟೆ ಗೊತ್ತು, ಬೆಟ್ಟದ ಕುರಿ ಹೊಸದು. ಬೆಟ್ಟ ಹತ್ತಬಲ್ಲೆನೇ, ಉಸಿರು ಸಾಲುತ್ತದೆಯೇ ಅನ್ನೋದೇ ಚಿಂತೆ. ಆಗಸ್ಟ್‌ನಲ್ಲಿ ಡಾಲ್ ಟಗರಿನ (ಇಲ್ಲಿನ ಬಿಳಿ ಕಾಡುಕುರಿಯ ಗಂಡು) ಬೇಟೆಗೆ ಹೋಗೋಣ ಅಂದಿದ್ದ ಗೆಳೆಯ ಕೈಕೊಟ್ಟ. ಒಬ್ಬನೇ ಹೋಗಲೇ, ಬಿಡಲೇ? ಇನ್ನೈದು ವರ್ಷ ಕಳೆದರೆ ಮೊಣಕಾಲು ಮಾತು ಕೇಳುವುದಿಲ್ಲ. ಮನೆಯವಳು ಬೇಡ ಅಂತಾಳೆ. ಕುರಿಗಳ ಸಂಖ್ಯೆ ಕುಸಿದಿದೆ ಅಂತಲೂ ಓದಿದೆ, ಹಾಗಿರುವಾಗ ಹೊಡೆಯಬಹುದೇ? ಹೋಗೋದೇ ಆದರೆ ಯಾವ ರೈಫಲ್ ಕೊಳ್ಳಲಿ?”

ಸಂಪಾದಕರ ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಆಗಸ್ಟ್‌ನಲ್ಲಿ ಒಬ್ಬರೇ ಬೇಟೆಗೆ ಹೋಗಬೇಡಿ. ಆದರೆ ಬೆಟ್ಟಕ್ಕೆ ಹೋಗುವುದನ್ನು ಬಿಡಬೇಡಿ. ಎರಡೂ ಒಟ್ಟಿಗೆ ಹೇಗೆ ಅಂತ ಮುಂದೆ ಹೇಳುತ್ತೇನೆ.

ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಹೊರಗಿನವರು ಅಲಾಸ್ಕಾದಲ್ಲಿ ಡಾಲ್ ಟಗರು ಹೊಡೆಯಬೇಕಾದರೆ ಗೈಡ್ ಬೇಕೇ ಬೇಕು, ಇಲ್ಲವೇ ಅಲ್ಲಿ ನೆಲೆಸಿದ ಹತ್ತಿರದ ಸಂಬಂಧಿಕರು ಜೊತೆಗಿರಬೇಕು. ಗೈಡ್ ಅಂದರೆ ಹತ್ತಾರು ಸಾವಿರ ಡಾಲರ್ ಮಾತು. ನೀವು ಅಲ್ಲಿನ ನಿವಾಸಿ. ಬೇಟೆಗೆ ತೆರೆದಿರುವ ಎಷ್ಟೋ ಜಾಗಗಳಿಗೆ ಲೈಸೆನ್ಸ್ ಜೊತೆಗೆ ಹಾರ್ವೆಸ್ಟ್ ಟಿಕೆಟ್ (ಬೇಟೆಗೆ ಮುಂಚೆ ಪಡೆಯುವ ಚೀಟಿ) ಇದ್ದರೆ ಸಾಕು, ಅನುಮತಿಗಾಗಿ ಲಾಟರಿಯ ಗೊಡವೆಯಿಲ್ಲ. ಬಾಗಿಲು ತೆರೆದಿರುವಾಗ ಸುಮ್ನೆ ಕೂರೋದು ಕಷ್ಟ. ಆದರೆ ಹಾಗೆ ಒಳಹೊಕ್ಕವರಲ್ಲಿ ಬಹುಪಾಲು ಜನ ಬರಿಗೈಯಲ್ಲೇ ಬರುತ್ತಾರೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನಿಮ್ಮ ಪತ್ರದಲ್ಲಿ ಹತ್ತುವ ಮಾತೇ ಜಾಸ್ತಿ ಇದೆ. ಹತ್ತಬಲ್ಲೆನೇ, ಉಸಿರು ಸಾಲುತ್ತದೆಯೇ ಅಂತ. 47ಕ್ಕೆ ಅದು ಅಂಥ ದೊಡ್ಡ ವಿಷಯವಲ್ಲ, ನಿಧಾನವಾಗಿ ಹತ್ತಿದರಾಯಿತು. ನಿಜವಾದ ಕೆಲಸ ಶುರುವಾಗುವುದು ಗುಂಡು ಹೊಡೆದ ಮೇಲೆ. ಮೂಳೆ ಬಿಡಿಸಿದರೂ ದೊಡ್ಡ ಟಗರಿನ ಮಾಂಸ ಮೂವತ್ತು ಕಿಲೋ ಆಸುಪಾಸು. ಕೊಂಬು, ತಲೆ, ಚರ್ಮ ಬೇರೆ. ಅದರ ಮೇಲೆ ಟೆಂಟು, ಸ್ಲೀಪಿಂಗ್ ಬ್ಯಾಗು, ರೈಫಲ್. ಎಲ್ಲ ಸೇರಿದರೆ ಐವತ್ತು ಕಿಲೋ ಸುಲಭವಾಗಿ ದಾಟುತ್ತದೆ. ತಿನ್ನಬಹುದಾದ ಮಾಂಸವನ್ನು ಬಿಟ್ಟು ಬರುವುದು ಅಲಾಸ್ಕಾದಲ್ಲಿ ಅಪರಾಧ. ಕೊಂಬು ಮೊದಲು, ಮಾಂಸ ಆಮೇಲೆ ಅನ್ನುವಂತೆಯೂ ಇಲ್ಲ, ಕೊಂಬು ಕೊನೆಯ ಹೊರೆಯಲ್ಲೇ ಬರಬೇಕು. ಇಬ್ಬರಿದ್ದರೆ ಒಂದೇ ಸಲಕ್ಕೆ ಇಳಿಸಬಹುದು. ಒಬ್ಬರೇ ಆದರೆ ಅದೇ ಜಾರುಗಲ್ಲಿನ ಇಳಿಜಾರಿನಲ್ಲಿ ಎರಡು ಸಲ ಓಡಾಟ. ಮೊದಲ ಹೊರೆ ಇಳಿಸಿ ವಾಪಸ್ ಬರುವ ಹೊತ್ತಿಗೆ ಉಳಿದ ಮಾಂಸದ ಮೇಲೆ ಕಂದು ಕರಡಿ ಕೂತಿದ್ದರೆ ಅದನ್ನು ಯಾರು ಕೇಳುತ್ತಾರೆ?

ಒಂದು ಪರೀಕ್ಷೆ ಮಾಡಿ ನೋಡಿ. ಬೆನ್ನುಚೀಲಕ್ಕೆ ನೀರಿನ ಕ್ಯಾನು ತುಂಬಿ ಮೂವತ್ತೈದು ಕಿಲೋ ಮಾಡಿಕೊಳ್ಳಿ. ದಾರಿಯಿಲ್ಲದ ಕಡಿದಾದ ಬೆಟ್ಟ ಹತ್ತಿ. ತುದಿಯಲ್ಲಿ ನೀರು ಚೆಲ್ಲಿ ಹಗುರವಾಗಿ ಇಳಿಯುವುದು ರೂಢಿ, ಮೊಣಕಾಲಿಗೆ ಒಳ್ಳೆಯದು ಅಂತ. ಒಂದು ಸಲ ಮಾತ್ರ ಚೆಲ್ಲದೆ ಇಳಿಯಿರಿ. ಮಾರನೇ ದಿನ ಬೆಳಗ್ಗೆ ಮಂಚದಿಂದ ಏಳುವಾಗ ಉತ್ತರ ಸಿಗುತ್ತದೆ.

ಇನ್ನು ಟಗರನ್ನು ಗುರುತಿಸುವ ವಿಷಯ. ಹೊಸಬರು ಎಡವುವುದೇ ಇಲ್ಲಿ. ನಿಯಮ ಹೇಳುವುದು ಮೂರು: ಕೊಂಬು ಪೂರ್ತಿ ಒಂದು ಸುತ್ತು ಬಂದಿರಬೇಕು, ಇಲ್ಲವೇ ಎರಡೂ ತುದಿ ಮುರಿದಿರಬೇಕು, ಇಲ್ಲವೇ ವಯಸ್ಸು ಎಂಟು ಆಗಿರಬೇಕು. ಕಾಗದದ ಮೇಲೆ ಸರಳ. ಬೆಟ್ಟದಲ್ಲಿ ಕಥೆಯೇ ಬೇರೆ. ಟಗರು ಅರ್ಧ ಕಿಲೋಮೀಟರ್ ದೂರದಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತದೆ. ತಲೆ ಸ್ವಲ್ಪ ಆಚೆ ತಿರುಗಿಸಿದರೆ ಕೊಂಬು ಚಿಕ್ಕದು, ಈಚೆ ತಿರುಗಿಸಿದರೆ ದೊಡ್ಡದು. ಸುತ್ತು ಪೂರ್ತಿಯಾಗಿದೆಯೇ ಅಂತ ಹೇಳಬೇಕಾದರೆ ಕೊಂಬಿನ ವೃತ್ತದ ನಡುವೆ ನೇರವಾಗಿ ಕಣ್ಣು ಹಾಯಬೇಕು. ಆ ಕೋನ ಸಿಗುವ ತನಕ ಕಾಯಬೇಕು. ಬಿಸಿಲೇರಿದರೆ ಸ್ಪಾಟಿಂಗ್ ಸ್ಕೋಪಿನಲ್ಲಿ (ದೂರದ್ದನ್ನು ನೋಡುವ ದುರ್ಬೀನು) ಗಾಳಿ ನಡುಗುತ್ತದೆ, ಕೊಂಬಿನ ತುದಿ ಕುಣಿಯುತ್ತದೆ. ಕೊಂಬಿನ ಮೇಲೆ ವರ್ಷಕ್ಕೊಂದರಂತೆ ಮೂಡುವ ಬಳೆ ಎಣಿಸಿ ವಯಸ್ಸು ಹೇಳುತ್ತೇನೆ ಅಂದರೆ, ನಿಜವಾದ ವರ್ಷದ ಬಳೆಗಳ ನಡುವೆ ಸುಳ್ಳು ಬಳೆಗಳೂ ಇರುತ್ತವೆ. ಎಂಟು ಎಣಿಸಿದ್ದು ಏಳಾದರೆ ಕೊಂಬೂ ಹೋಯಿತು, ಮಾಂಸವೂ ಹೋಯಿತು, ಮೇಲೆ ದಂಡ. ವಾರವಿಡೀ ನಡೆದು ಸುಸ್ತಾಗಿ, ಊಟ ಮುಗಿಯುತ್ತಾ ಬಂದು, ಕೊನೆಯ ದಿನ ಒಂದು ಟಗರು ಕಂಡಾಗ ಮನಸ್ಸು ಕೊಂಬನ್ನು ತಾನೇ ಉದ್ದ ಮಾಡಿಕೊಳ್ಳುತ್ತದೆ. ಪಕ್ಕದಲ್ಲಿ ಇನ್ನೊಬ್ಬರಿದ್ದು, “ಇಲ್ಲ ಮಾರಾಯ, ಇದು ಸಾಲದು” ಅಂದರೆ ಅದೇ ದೊಡ್ಡ ಉಪಕಾರ.

ಟಗರು ಲೆಕ್ಕಕ್ಕೆ ಸರಿಯಿದ್ದರೂ ನಿಂತ ಜಾಗ ಸರಿಯಿರಬೇಕು. ಬಂಡೆಯಂಚಿನಲ್ಲಿ ನಿಂತದ್ದಕ್ಕೆ ಹೊಡೆದರೆ ಅದು ಪ್ರಪಾತಕ್ಕೆ ಉರುಳುತ್ತದೆ. ತರಲು ಇಳಿಯುವವರು ನೀವೇ ಅಲ್ವಾ?

ಮನೆಯವರ ಭಯವನ್ನು ಸುಮ್ಮನೆ ತಳ್ಳಿಹಾಕಬೇಡಿ. ಅವರು ಕರಡಿಗೆ ಹೆದರುತ್ತಿರಬಹುದು. ನಾನು ಹೊಳೆಗೆ ಹೆದರುತ್ತೇನೆ. ಹಿಮನದಿಯಿಂದ ಬರುವ ಹೊಳೆ ಬೆಳಗಿನ ಜಾವ ಮೊಣಕಾಲುದ್ದ ಇರುತ್ತದೆ. ಹಗಲು ಹಿಮ ಕರಗಿ ಸಂಜೆಗೆ ಅದೇ ಜಾಗ ಸೊಂಟಕ್ಕೆ ಬಂದಿರಬಹುದು. ನೀರು ಬೂದಿಬಣ್ಣ, ತಳ ಕಾಣುವುದಿಲ್ಲ. ದಾಟುವುದಾದರೆ ಬೆಳಗ್ಗೆ ಬೇಗ, ಚೀಲದ ಸೊಂಟಪಟ್ಟಿ ಬಿಚ್ಚಿಕೊಂಡು. ಅನುಮಾನ ಬಂದರೆ ರಾತ್ರಿ ಈಚೆ ದಡದಲ್ಲೇ ಮಲಗಿ. ಸಣ್ಣ ವಿಮಾನದಲ್ಲಿ ಹೋಗುವುದಾದರೆ ಮೋಡ ಕವಿದು ಪೈಲಟ್ ಹೇಳಿದ ದಿನ ಬಾರದೇ ಇರಬಹುದು, ಅದಕ್ಕೆ ಕೆಲವು ದಿನದ ಊಟ ಹೆಚ್ಚಿಗೆ ಇರಲಿ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇಲ್ಲದೆ ಹೊರಡಲೇಬೇಡಿ. ಆದರೆ ಅದು ಸಹಾಯ ಕರೆಯುತ್ತದೆ ಅಷ್ಟೇ. ಮಂಜು ಕವಿದಿದ್ದರೆ ಹೆಲಿಕಾಪ್ಟರ್ ಕೂಡ ಕಾಯಬೇಕು.

ಕುರಿ ಕಡಿಮೆಯಾಗಿರುವಾಗ ಹೊಡೆಯಬಹುದೇ ಅಂತ ಕೇಳಿದ್ದೀರಿ. ಪತ್ರದಲ್ಲಿ ನನಗೆ ಹಿಡಿಸಿದ ಪ್ರಶ್ನೆ ಇದೇ. ಕುಸಿತಕ್ಕೆ ದೊಡ್ಡ ಕಾರಣ ಹವಾಮಾನ. ಚಳಿಗಾಲದಲ್ಲಿ ಹಿಮದ ಮೇಲೆ ಮಳೆ ಬಿದ್ದು ಗಟ್ಟಿಯಾದರೆ ಕುರಿಗೆ ಕೆಳಗಿನ ಹುಲ್ಲು ಸಿಗುವುದಿಲ್ಲ. ವಸಂತ ತಡವಾದರೆ ಮರಿ ಉಳಿಯುವುದಿಲ್ಲ. ಬೇಟೆಯ ನಿಯಮ ಹೆಣ್ಣುಕುರಿಯನ್ನೂ ಎಳೆಯ ಟಗರನ್ನೂ ಬಿಡುತ್ತದೆ, ಹಾಗಾಗಿ ಹಿಂಡಿನ ಬೆಳವಣಿಗೆಗೆ ಬೇಟೆ ಅಡ್ಡಿಯಲ್ಲ ಅನ್ನುವ ವಾದವಿದೆ. ಹೆಚ್ಚೂಕಡಿಮೆ ಒಪ್ಪುತ್ತೇನೆ. ಆದರೆ ಯಾವುದೋ ಒಂದು ವರ್ಷ ಹುಟ್ಟಿದ ಮರಿಗಳೆಲ್ಲ ಸತ್ತರೆ ಎಂಟು ವರ್ಷದ ಮೇಲೆ ಆ ವಯಸ್ಸಿನ ಟಗರೇ ಇರುವುದಿಲ್ಲ. ಆಗ ಎಲ್ಲ ಬೇಟೆಗಾರರ ಕಣ್ಣು ಉಳಿದ ಕೆಲವೇ ಟಗರುಗಳ ಮೇಲೆ. ಕಣಿವೆಯಲ್ಲಿ ಒಂದೇ ಒಂದು ದೊಡ್ಡ ಟಗರು ಕಂಡರೆ, ಕಾನೂನು ಹೊಡೆ ಅಂದರೂ ನಾನು ಹೊಡೆಯಲಾರೆ. ಇದು ನನ್ನ ಅಭಿಪ್ರಾಯ, ನಿಯಮವಲ್ಲ. ಕೆಲವು ಕಡೆ ಬೇಟೆ ಮುಚ್ಚಿಯೂ ಇದ್ದಾರೆ. ನಿಮ್ಮ ಜಾಗದ ಈ ವರ್ಷದ ನಿಯಮವನ್ನೇ ಓದಿ, ಹೋದ ವರ್ಷದ್ದು ಬೇಡ.

ಹಾಗಾದರೆ ಈ ವರ್ಷ ಏನು ಮಾಡೋದು? ಬೇಟೆಯ ಕಾಲ ಬಹುತೇಕ ಕಡೆ ಆಗಸ್ಟ್ 10ಕ್ಕೆ ಶುರುವಾಗಿ ಸೆಪ್ಟೆಂಬರ್ 20ಕ್ಕೆ ಮುಗಿಯುತ್ತದೆ. ಅದಕ್ಕೆ ಮುಂಚೆ, ಜುಲೈನಲ್ಲಿ, ಹೊಳೆ ದಾಟಬೇಕಿಲ್ಲದ ಒಂದು ಕಣಿವೆಗೆ ಸ್ಪಾಟಿಂಗ್ ಸ್ಕೋಪ್, ಟ್ರೈಪಾಡ್ ಹೊತ್ತು ಹೋಗಿ. ಹಸಿರು ಇಳಿಜಾರಿನಲ್ಲಿ ಬಿಳಿ ಕುರಿ ದೂರದಿಂದಲೇ ಕಾಣುತ್ತದೆ. ಎಷ್ಟು ಹೊತ್ತಿಗೆ ಮೇಯುತ್ತವೆ, ಎಲ್ಲಿ ಮಲಗುತ್ತವೆ, ಬಿಸಿಲಿಗೆ ಗಾಳಿ ಯಾವಾಗ ಮೇಲ್ಮುಖವಾಗುತ್ತದೆ, ಬರೆದಿಟ್ಟುಕೊಳ್ಳಿ. ಕಂಡ ಪ್ರತಿ ಟಗರಿಗೂ ಆಗುತ್ತದೆ, ಆಗುವುದಿಲ್ಲ ಅಂತ ತೀರ್ಪು ಕೊಡಿ. ಆ ತಿರುಗಾಟಕ್ಕೆ ಮನೆಯವರೂ ಬರಬಹುದೇನೋ, ಕೇಳಿ ನೋಡಿ. ಮುಂದಿನ ವರ್ಷಕ್ಕೆ ಜೊತೆಗಾರರನ್ನು ಈಗಲೇ ಹುಡುಕಿ. ಅಷ್ಟರಲ್ಲಿ ಮೊಣಕಾಲು ಸವೆದುಹೋಗುವುದಿಲ್ಲ.

ಕೊನೆಗೆ ರೈಫಲ್. ಕ್ಯಾರಿಬೂ ಹೊಡೆದ ರೈಫಲ್ಲೇ ಸಾಕು. ಕಡಿದಾದ ಇಳಿಜಾರಿನಲ್ಲಿ ಮೇಲಕ್ಕೂ ಕೆಳಕ್ಕೂ ಗುರಿಯಿಟ್ಟು ಅಭ್ಯಾಸ ಮಾಡಿ. ಉಳಿದ ದುಡ್ಡಿನಲ್ಲಿ ಗಟ್ಟಿ ಅಟ್ಟೆಯ ಬೆಟ್ಟದ ಬೂಟು ಕೊಂಡು ಜುಲೈ ಒಳಗೆ ಕಾಲಿಗೆ ಪಳಗಿಸಿಕೊಳ್ಳಿ.