ಲೋಡ್ ಬಿದ್ದಾಗಲೇ ಡ್ರೈವ್ ಟ್ರಿಪ್ ಆಗ್ತಿದೆಯಾ?

ಪ್ರಶ್ನೆ: ನಮ್ಮದು ರೈಸ್ ಮಿಲ್. 30 ಕಿಲೋವ್ಯಾಟ್ ಮೋಟರಿಗೆ ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಹಾಕಿಸಿದ್ದೇವೆ. ಖಾಲಿ ಓಡಿಸಿದರೆ ಏನೂ ತೊಂದರೆ ಇಲ್ಲ, ಭತ್ತ ಬಿಟ್ಟ ಕೂಡಲೇ ಅಂಡರ್ ವೋಲ್ಟೇಜ್ (ವೋಲ್ಟೇಜ್ ಕಡಿಮೆ) ಅಂತ ತೋರಿಸಿ ನಿಂತುಬಿಡುತ್ತದೆ. ಎಲೆಕ್ಟ್ರಿಷಿಯನ್ ಬಂದು ಮೀಟರ್ ಇಟ್ಟರೆ ಮೂರೂ ಫೇಸ್ ಸರಿಯಾಗಿ 415 ವೋಲ್ಟ್ ಇದೆ. ಡ್ರೈವ್ ಬದಲಿಸಬೇಕಾ?
— ಓದುಗರು, ಗಂಗಾವತಿ

ಉತ್ತರ: ಈಗಲೇ ಬೇಡ, ದಯವಿಟ್ಟು. ಮೋಟರ್ ನಿಂತಿದ್ದಾಗ ಅಳೆದ 415 ವೋಲ್ಟನ್ನು ನಂಬಬೇಡಿ. ಮೀಟರ್ ಎಳೆಯುವ ಕರೆಂಟ್ ತುಂಬಾ ಕಡಿಮೆ, ಹಾಗಾಗಿ ಸಪ್ಲೈ ಜೋಡಿಸುವ ಸ್ವಿಚ್ ಆದ ಕಾಂಟ್ಯಾಕ್ಟರ್‌ನ ಪಾಯಿಂಟ್ ಸುಟ್ಟಿದ್ದರೂ, ಟರ್ಮಿನಲ್ ಸ್ಕ್ರೂ ಸಡಿಲ ಇದ್ದರೂ ಅದು ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. ಅದೇ ಜಾಗದಲ್ಲಿ 50 ಆಂಪಿಯರ್ ಹರಿದಾಗ ನಿಜ ಗೊತ್ತಾಗುತ್ತದೆ.

ಡ್ರೈವ್ ಒಳಗೆ ಬಂದ ಎಸಿ ಮೊದಲು ಡಿಸಿ ಆಗುತ್ತದೆ, ಆ ಡಿಸಿ ಇರುವ ಭಾಗವೇ ಡಿಸಿ ಬಸ್. 415 ವೋಲ್ಟ್ ಬಂದರೆ ಡಿಸಿ ಬಸ್‌ನಲ್ಲಿ ಸುಮಾರು 560ರಿಂದ 585 ವೋಲ್ಟ್ ಇರಬೇಕು. ಡ್ರೈವ್ ಟ್ರಿಪ್ ಆಗುವುದು ಈ ಬಸ್ ಕುಸಿದಾಗ. ಅದಕ್ಕೇ ಎರಡನ್ನೂ ಒಟ್ಟಿಗೆ ನೋಡಬೇಕು: ಭತ್ತ ಬಿಡುವಾಗ ಡಿಸ್‌ಪ್ಲೇಯಲ್ಲಿ ಬಸ್ ವೋಲ್ಟೇಜ್ ಇಟ್ಟುಕೊಂಡು, ಅದೇ ಹೊತ್ತಿಗೆ ಡ್ರೈವ್‌ನ ಇನ್‌ಪುಟ್ ಟರ್ಮಿನಲ್‌ನಲ್ಲೇ ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಎರಡೆರಡರ ನಡುವಿನ ವೋಲ್ಟೇಜನ್ನು (ಆರ್-ವೈ, ವೈ-ಬಿ, ಬಿ-ಆರ್) ಅಳೆಯಿಸಿ. ಇದು ಅನುಭವಸ್ಥ ಎಲೆಕ್ಟ್ರಿಷಿಯನ್ ಕೆಲಸ, ನೀವು ಕೈಹಾಕಬೇಡಿ.

ಮೂರೂ ಒಟ್ಟಿಗೆ ಇಳಿದರೆ ತೊಂದರೆ ಲೈನಿನದ್ದು. ಕೇಬಲ್ ಸಣ್ಣದಿರಬಹುದು, ಇಲ್ಲವೇ ಅದೇ ಲೈನಿನಲ್ಲಿ ಇನ್ನೊಂದು ದೊಡ್ಡ ಮೋಟರ್ ನೇರವಾಗಿ ಸ್ಟಾರ್ಟ್ ಆಗುತ್ತಿರಬಹುದು. ಆರ್-ವೈ, ಬಿ-ಆರ್ ಎರಡೂ ಇಳಿದು ವೈ-ಬಿ ಗಟ್ಟಿಯಾಗಿ ನಿಂತರೆ ಆರ್ ಫೇಸ್ ಹಿಡಿಯಿರಿ. ಆ ದಾರಿಯಲ್ಲಿರುವ ಫ್ಯೂಸ್, ಲಗ್ (ಕೇಬಲ್ ತುದಿಯ ಲೋಹದ ಕೊಂಡಿ), ಕಾಂಟ್ಯಾಕ್ಟರ್ ಎಲ್ಲಾ ನೋಡಿಸಿ. ಮೋಟರ್ ಓಡುವಾಗ ಕಾಂಟ್ಯಾಕ್ಟರ್‌ನಲ್ಲಿ ಒಂದೇ ಫೇಸಿನ ಮೇಲಿನ, ಕೆಳಗಿನ ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಸೊನ್ನೆಯ ಹತ್ತಿರ ಇರಬೇಕು, ನಾಲ್ಕೈದು ವೋಲ್ಟ್ ಬಂದರೂ ಪಾಯಿಂಟ್ ಕೆಟ್ಟಿದೆ ಅಂತಲೇ. ನೀವು ಹೇಳಿದ ಲಕ್ಷಣಕ್ಕೆ ನನಗೆ ಮೊದಲ ಅನುಮಾನ ಇಲ್ಲೇ.

ಇನ್‌ಪುಟ್ ಅಲುಗದೆ ಬಸ್ ಮಾತ್ರ ಬಿದ್ದರೆ ದೋಷ ಡ್ರೈವ್ ಒಳಗೇ ಇದೆ. ಬಸ್‌ನ ಕೆಪಾಸಿಟರನ್ನು ಮೆಲ್ಲಗೆ ಚಾರ್ಜ್ ಮಾಡುವ ರೆಸಿಸ್ಟರ್ ಇರುತ್ತದಲ್ಲ, ಚಾರ್ಜ್ ಆದ ಮೇಲೆ ಅದನ್ನು ಬದಿಗಿಡುವ ರಿಲೇ ಕೂಡದೇ ಹೋದರೆ ಖಾಲಿ ಓಟ ಸರಿಯಿದ್ದು ಲೋಡ್‌ಗೆ ಬಸ್ ಕುಸಿಯುತ್ತದೆ. ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಡಯೋಡ್ ಹೋಗಿದ್ದರೂ ಹೀಗಾಗಬಹುದು. ಟ್ರಿಪ್ ಆದ ಮೇಲೆ ತಾನಾಗಿಯೇ ಮತ್ತೆ ಚಾಲೂ ಆಗುವ ಆಟೋ ರೀಸೆಟ್ ಹಾಕಿ ಸುಮ್ನೆ ಓಡಿಸುತ್ತಾ ಹೋಗಬೇಡಿ, ಆ ರೆಸಿಸ್ಟರ್ ಸುಟ್ಟು ಖರ್ಚು ಜಾಸ್ತಿಯಾಗುತ್ತದೆ.

ಕವರ್ ತೆಗೆಯುವ ಮುಂಚೆ ಸಪ್ಲೈ ಆಫ್ ಮಾಡಿ, ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಹೊತ್ತು ಕಾದು, ಬಸ್ ಪೂರ್ತಿ ಇಳಿದಿದೆಯೇ ಅಂತ ಡಿಸಿ ಮೀಟರ್‌ನಲ್ಲಿ ಅಳೆದೇ ಕೈಹಾಕಲು ಹೇಳಿ. ಕಳೆದ ಕೆಲವು ಟ್ರಿಪ್‌ಗಳ ಫಾಲ್ಟ್ ದಾಖಲೆಯನ್ನೂ ಬರೆದಿಟ್ಟುಕೊಳ್ಳಿ, ಸರ್ವಿಸ್‌ನವರು ಮೊದಲು ಕೇಳುವುದು ಅದನ್ನೇ.