ಮೆಮೊರಿಯಲ್ಲಿ ಪಾಸ್‌ವರ್ಡ್ ಸಿಗಲಿಲ್ಲ ಎಂದು ಬರೆದವರಿಗೆ

ನಿಮ್ಮ ಬರಹ ಓದಿ ಸುಮ್ಮನಿರಲಾಗಲಿಲ್ಲ. ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಬರೆದ ಬಿಲ್ಲಿಂಗ್ ತಂತ್ರಾಂಶದ ಪ್ರೋಸೆಸ್ ಡಂಪ್ (ಓಡುತ್ತಿರುವ ತಂತ್ರಾಂಶದ ಮೆಮೊರಿಯ ನಕಲು) ತೆಗೆದಿದ್ದೀರಿ, ಅದನ್ನು ಲಿನಕ್ಸ್ ಯಂತ್ರಕ್ಕೆ ತಂದು, ಫೈಲಿನಿಂದ ಓದಬಲ್ಲ ಪದಗಳನ್ನು ಹೆಕ್ಕುವ ಸ್ಟ್ರಿಂಗ್ಸ್ ಓಡಿಸಿದ್ದೀರಿ, ಪದ ಹುಡುಕುವ ಗ್ರೆಪ್‌ನಲ್ಲಿ ಪಾಸ್‌ವರ್ಡ್ ಕಾಣಲಿಲ್ಲವೆಂದು ‘ಮೆಮೊರಿಯಲ್ಲಿ ಏನೂ ಉಳಿಯುವುದಿಲ್ಲ’ ಎಂಬ ವರದಿ ಕಳುಹಿಸಲು ಹೊರಟಿದ್ದೀರಿ. ದಯವಿಟ್ಟು ಇವತ್ತು ಕಳುಹಿಸಬೇಡಿ. ಇದೇ ವಾಕ್ಯವನ್ನು ನಾನೂ ಒಮ್ಮೆ ವರದಿಯಲ್ಲಿ ಬರೆದು ಸಹಿ ಹಾಕಿದ್ದೆ.

ಆಗ ನನ್ನ ಕೈಯಲ್ಲಿದ್ದದ್ದೂ ಇಂಥದೇ ಒಂದು ಲೆಕ್ಕಪತ್ರದ ತಂತ್ರಾಂಶ. ವರದಿ ಹೋಗಿ ಎರಡು ವಾರದ ಮೇಲೆ ಸಹೋದ್ಯೋಗಿಯೊಬ್ಬರು ಅದೇ ಡಂಪನ್ನು ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆದು ನನ್ನನ್ನು ಕರೆದರು. ಬಲಗಡೆಯ ಸಾಲಿನಲ್ಲಿ ನಾನು ಟೈಪ್ ಮಾಡಿದ್ದ ಪಾಸ್‌ವರ್ಡ್ ಪೂರ್ತಿಯಾಗಿ ಕೂತಿತ್ತು. ಒಂದು ಅಕ್ಷರ, ಒಂದು ಚುಕ್ಕಿ, ಮತ್ತೊಂದು ಅಕ್ಷರ, ಮತ್ತೊಂದು ಚುಕ್ಕಿ. ಆ ಚುಕ್ಕಿಗಳೆಲ್ಲ ಸೊನ್ನೆ ಬೈಟ್‌ಗಳು. ಡಾಟ್‌ನೆಟ್ ತನ್ನ ಸ್ಟ್ರಿಂಗ್‌ಗಳನ್ನು, ಅಂದರೆ ಅಕ್ಷರಗಳ ಸರಣಿಗಳನ್ನು, ಯುಟಿಎಫ್-16ರಲ್ಲಿ ಇಡುತ್ತದೆ; ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೂ ಎರಡು ಬೈಟ್, ಎರಡನೆಯದು ಸೊನ್ನೆ. ಲಿನಕ್ಸ್‌ನ ಸ್ಟ್ರಿಂಗ್ಸ್ ಮಾಮೂಲಿಯಾಗಿ ಒಂದು ಬೈಟಿನ ಅಕ್ಷರಗಳನ್ನಷ್ಟೇ ಹುಡುಕುತ್ತದೆ, ನಾಲ್ಕು ಅಕ್ಷರ ಒಟ್ಟಿಗೆ ಸಿಗದಿದ್ದರೆ ಬಿಟ್ಟುಬಿಡುತ್ತದೆ. ನಡುನಡುವೆ ಸೊನ್ನೆ ಬಂದರೆ ಅದಕ್ಕೆ ಅದು ಪದವೇ ಅಲ್ಲ. ‘ಮೈನಸ್ ಇ’ ಆಯ್ಕೆಗೆ ‘ಎಲ್’ ಕೊಟ್ಟು (ಎರಡು ಬೈಟಿನ ಅಕ್ಷರ ಹುಡುಕು ಎಂದು) ಮತ್ತೆ ಓಡಿಸಿದಾಗ ಹನ್ನೊಂದು ಪ್ರತಿ ಸಿಕ್ಕವು. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಲಕರಣೆಗಳಲ್ಲಿನ ಸ್ಟ್ರಿಂಗ್ಸ್ ಎರಡೂ ಬಗೆಯನ್ನು ತಾನೇ ಹುಡುಕುತ್ತದೆ, ಆ ಅಭ್ಯಾಸದಲ್ಲಿ ಲಿನಕ್ಸ್‌ಗೆ ಬಂದವರು ಎಡವುವುದೇ ಇಲ್ಲಿ. ಆ ಗ್ರಾಹಕರಿಗೆ ತಿದ್ದುಪಡಿ ವರದಿ ಕಳುಹಿಸಿದ ದಿನವನ್ನು ನಾನು ಮರೆತಿಲ್ಲ.

ಜಾವಾ ತಂತ್ರಾಂಶವಾದರೆ ಆವೃತ್ತಿ ನೋಡಿಕೊಳ್ಳಿ. ಜಾವಾ 8ರವರೆಗೆ ಎಲ್ಲವೂ ಯುಟಿಎಫ್-16. 9ರಿಂದ ಈಚೆಗೆ ಬರಿಯ ಇಂಗ್ಲಿಷ್ ಅಕ್ಷರಗಳ ಸ್ಟ್ರಿಂಗ್ ಒಂದೊಂದೇ ಬೈಟಿಗೆ ಇಳಿದಿದೆ. ಆದ್ದರಿಂದ ಯಾವಾಗಲೂ ಎರಡೂ ಬಗೆಯಲ್ಲಿ ಹುಡುಕುವುದೇ ಸರಿ.

ಇನ್ನು ಕನ್ನಡ. ನಿಮ್ಮ ತಂತ್ರಾಂಶದಲ್ಲಿ ಗ್ರಾಹಕರ ಹೆಸರು ಕನ್ನಡದಲ್ಲೇ ಇರುತ್ತದೆ ಎಂದಿದ್ದೀರಿ. ಆ ಹೆಸರು, ವಿಳಾಸ ಸಹ ಸೂಕ್ಷ್ಮ ಮಾಹಿತಿಯೇ. ‘ಕ’ ಅಕ್ಷರ ಯುಟಿಎಫ್-8 ಎಂಬ ಇನ್ನೊಂದು ಬಗೆಯಲ್ಲಿ ಇ0, ಬಿ2, 95 ಎಂಬ ಮೂರು ಬೈಟ್. ಯುಟಿಎಫ್-16ರಲ್ಲಿ 95, 0ಸಿ ಎಂಬ ಎರಡು. ಇವೆರಡನ್ನೂ ಮಾಮೂಲಿ ಸ್ಟ್ರಿಂಗ್ಸ್ ತೋರಿಸುವುದಿಲ್ಲ, ‘ಎಲ್’ ಕೊಟ್ಟರೂ ಇಲ್ಲ. ನಿಯಮ ಬರೆದು ಫೈಲ್‌ಗಳಲ್ಲಿ ಹುಡುಕುವ ‘ಯಾರಾ’ (YARA) ಸಲಕರಣೆಯಲ್ಲಿ ‘ವೈಡ್’ ಎಂದು ಬರೆದರೂ ಕನ್ನಡಕ್ಕೆ ಪ್ರಯೋಜನವಿಲ್ಲ, ಏಕೆಂದರೆ ಅದು ಬೈಟ್‌ಗಳ ನಡುವೆ ಸೊನ್ನೆ ತುರುಕುತ್ತದೆ ಅಷ್ಟೆ. ಕನ್ನಡ ಪದದ ಬೈಟ್‌ಗಳನ್ನೇ ಹೆಕ್ಸ್ ರೂಪದಲ್ಲಿ ನಿಯಮಕ್ಕೆ ಬರೆಯಬೇಕು.

ನನ್ನ ಪದ್ಧತಿ ಹೇಳುತ್ತೇನೆ. ನಿಜವಾದ ಪಾಸ್‌ವರ್ಡನ್ನು ಪರೀಕ್ಷೆಗೆ ಬಳಸಲೇಬೇಡಿ. ಅದನ್ನು ಗ್ರೆಪ್‌ಗೆ ಕೊಟ್ಟರೆ ನಿಮ್ಮ ಶೆಲ್‌ನ ಹಿಸ್ಟರಿಯಲ್ಲಿ ಉಳಿಯುತ್ತದೆ, ಆಮೇಲೆ ಸೋರಿದ್ದು ನಿಮ್ಮಿಂದಲೇ ಆಗುತ್ತದೆ. ಪರೀಕ್ಷೆಗೆಂದೇ ಒಂದು ಖಾತೆ ತೆರೆದು, ಬೇರೆಲ್ಲೂ ಬರಲು ಸಾಧ್ಯವಿಲ್ಲದ ಪದ ಕೊಡಿ. ನಾನು ಇಂಗ್ಲಿಷ್ ಅಕ್ಷರಗಳಲ್ಲಿ ‘ಹುರುಳಿಕಾಳು7391’ ಎಂಬಂಥ ಪದ ಇಡುತ್ತೇನೆ. ‘ಅಡ್ಮಿನ್123’ ಇಟ್ಟರೆ ಡಂಪ್ ತುಂಬ ಸುಳ್ಳು ಹೊಂದಿಕೆಗಳು. ಆಮೇಲೆ ಮೂರು ಡಂಪ್: ಲಾಗಿನ್ ಮುಂಚೆ ಒಂದು, ಲಾಗಿನ್ ಆದ ಕೂಡಲೇ ಒಂದು, ಲಾಗೌಟ್ ಮಾಡಿ ಹತ್ತು ನಿಮಿಷ ಬಿಟ್ಟು ಒಂದು. ಮೊದಲನೆಯದರಲ್ಲಿ ಸೊನ್ನೆ ಬರಬೇಕು. ಬರದಿದ್ದರೆ ನಿಮ್ಮ ಪರೀಕ್ಷೆಯೇ ಕಲುಷಿತ. ಎರಡನೆಯದರಲ್ಲಿ ಒಂದೂ ಸಿಗದಿದ್ದರೆ ಸಂತೋಷಪಡಬೇಡಿ, ಹುಡುಕುವ ರೀತಿ ತಪ್ಪಿದೆ ಎಂದು ಮೊದಲು ಅನುಮಾನಿಸಿ. ವರದಿಗೆ ಬೇಕಾದ ಉತ್ತರ ಮೂರನೆಯದರಲ್ಲಿದೆ. ಯಾರಾದಲ್ಲಿ ಆಸ್ಕಿ (ಒಂದು ಬೈಟಿನ ಅಕ್ಷರ), ವೈಡ್ ಎರಡನ್ನೂ ಒಂದು ಸಾಲಿನಲ್ಲಿ, ಬೈಟ್‌ಗಳನ್ನು ಬೇರೆ ಅಕ್ಷರಗಳಾಗಿ ಬದಲಿಸಿ ಬರೆಯುವ ಬೇಸ್64ನ್ನು ಇನ್ನೊಂದು ಸಾಲಿನಲ್ಲಿ ಸೇರಿಸಿ. ಬೇಸಿಕ್ ಅಥೆಂಟಿಕೇಶನ್ ಎಂಬ ಸರಳ ಲಾಗಿನ್ ವಿಧಾನ ಬಳಸುವ ತಂತ್ರಾಂಶಗಳಲ್ಲಿ ಪಾಸ್‌ವರ್ಡ್ ಬೇಸ್64 ವೇಷದಲ್ಲೂ ಇರಬಹುದು.

ಇಷ್ಟಾದರೂ ಇಡೀ ಪದ ಸಿಗದೇ ಇರಬಹುದು, ಗುಟ್ಟು ಮಾತ್ರ ಸೋರಿರಬಹುದು. 2023ರಲ್ಲಿ ಪಾಸ್‌ವರ್ಡ್ ಕಾಪಿಡುವ ಕೀಪಾಸ್ 2.ಎಕ್ಸ್ ತಂತ್ರಾಂಶದಲ್ಲಿ ಬೆಳಕಿಗೆ ಬಂದದ್ದು ಇದೇ. ಮಾಸ್ಟರ್ ಪಾಸ್‌ವರ್ಡ್ ಟೈಪ್ ಮಾಡುವಾಗ ಒಂದೊಂದು ಅಕ್ಷರಕ್ಕೂ ಒಂದು ಚೂರು ಸ್ಟ್ರಿಂಗ್ ಹುಟ್ಟುತ್ತಿತ್ತು: ಒಂದು ಮರೆಚುಕ್ಕಿ (ಅಕ್ಷರದ ಬದಲು ಪರದೆಯಲ್ಲಿ ಕಾಣುವ ಚುಕ್ಕಿ) ಮತ್ತು ಎರಡನೇ ಅಕ್ಷರ, ಎರಡು ಮರೆಚುಕ್ಕಿ ಮತ್ತು ಮೂರನೇ ಅಕ್ಷರ, ಹೀಗೆ. ಚೂರುಗಳನ್ನು ಜೋಡಿಸಿದರೆ ಮೊದಲ ಅಕ್ಷರ ಬಿಟ್ಟು ಉಳಿದದ್ದೆಲ್ಲ ಕೈಗೆ. 2.54ನೇ ಆವೃತ್ತಿಯಲ್ಲಿ ಸರಿಪಡಿಸಿದರು. ನಿಮ್ಮ ಲಾಗಿನ್ ಪೆಟ್ಟಿಗೆ ಯಾರೋ ಕೈಯಾರೆ ಬರೆದದ್ದಾದರೆ ಆ ಮರೆಚುಕ್ಕಿಯ ಬೈಟ್‌ಗಳನ್ನೂ ಹುಡುಕಿ ನೋಡಿ.

ಡಂಪ್ ತೆಗೆದ ಬಗೆಯೂ ನನಗೆ ಅನುಮಾನ. ಡಂಪ್ ತೆಗೆಯುವ ಪ್ರೊಕ್‌ಡಂಪ್‌ಗೆ ‘ಎಂಎ’ ಆಯ್ಕೆ ಕೊಡದಿದ್ದರೆ ಬರುವುದು ಸಣ್ಣ ಡಂಪ್, ಅದರಲ್ಲಿ ತಂತ್ರಾಂಶ ತನ್ನ ಮಾಹಿತಿ ಇಡುವ ಹೀಪ್ ಪೂರ್ತಿ ಇರುವುದಿಲ್ಲ. ಫೈಲ್ ಕೆಲವೇ ಎಂಬಿ ಇದೆ ಎಂದಿದ್ದೀರಲ್ಲ, ಅಲ್ಲಿಯೇ ಗೊತ್ತಾಗಬೇಕಿತ್ತು. ಇಡೀ ಯಂತ್ರದ ಮೆಮೊರಿ ಬೇಕಾದರೆ ವರ್ಚುವಲ್ ಯಂತ್ರದಲ್ಲಿ ಪರೀಕ್ಷಿಸುವುದು ಎಷ್ಟೋ ಸುಲಭ. ವಿಎಂವೇರ್‌ನಲ್ಲಿ ಮೆಮೊರಿ ಸಹಿತ ಸ್ನ್ಯಾಪ್‌ಶಾಟ್ ತೆಗೆದರೆ ಆ ಮೆಮೊರಿಯ ನಕಲಾದ ವಿಮೆಮ್ ಫೈಲ್ ಸಿದ್ಧ. ವರ್ಚುವಲ್‌ಬಾಕ್ಸ್‌ನಲ್ಲೂ ಆಗುತ್ತದೆ, ನನಗೆ ಮೊದಲನೆಯದೇ ಇಷ್ಟ. ನಿಜ ಲಿನಕ್ಸ್ ಯಂತ್ರಕ್ಕೆ ಮೆಮೊರಿ ನಕಲಿಸುವ ಲೈಮ್ ಬಳಸಿದರೆ ಆ ಯಂತ್ರದ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ತಕ್ಕ ಮಾಡ್ಯೂಲ್ ಕಟ್ಟಿಕೊಳ್ಳಬೇಕು. ಮೈಕ್ರೋಸಾಫ್ಟ್‌ನ ಎವಿಎಂಎಲ್‌ಗೆ ಆ ಗೋಳಿಲ್ಲ, ಆದರೆ ಕರ್ನಲ್ ಲಾಕ್‌ಡೌನ್ ಎಂಬ ಭದ್ರತಾ ಬಿಗಿ ಇದ್ದಲ್ಲಿ ಅದು ನಡೆಯದು. ಮೆಮೊರಿ ಡಂಪ್ ವಿಶ್ಲೇಷಿಸುವ ವೊಲಟಿಲಿಟಿ 2ಕ್ಕೆ ಇನ್ನೂ ಜೋತುಬಿದ್ದವರು ಬಿಟ್ಟುಬಿಡಿ. ಅದು ಪೈಥಾನ್ 2ರ ಕಾಲದ್ದು. ಪೈಥಾನ್ 2ಕ್ಕೆ ಬೆಂಬಲ ನಿಂತದ್ದೇ 2020ರಲ್ಲಿ.

ಯಂತ್ರ ಮಲಗುವಾಗ ಮೆಮೊರಿ ಉಳಿಸುವ ಹೈಬರ್ನೇಟ್ ಫೈಲ್ ಮತ್ತು ಮೆಮೊರಿ ಸಾಲದಾಗ ಬಳಸುವ ಪೇಜ್‌ಫೈಲ್ ಮರೆಯಬೇಡಿ. ಮೆಮೊರಿಯಿಂದ ಅಳಿಸಿದ್ದು ಅಷ್ಟರೊಳಗೆ ಡಿಸ್ಕಿಗೆ ಇಳಿದಿರಬಹುದು.

ಸಿಕ್ಕ ಮೇಲೆ ಡೆವಲಪರ್‌ಗೆ ‘ಮೆಮ್‌ಸೆಟ್ ಹಾಕಿ’ (ಆ ಜಾಗಕ್ಕೆ ಸೊನ್ನೆ ತುಂಬಿ) ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಸಿ ಭಾಷೆಯಲ್ಲಿ, ಪಾಸ್‌ವರ್ಡ್ ಇದ್ದ ಬಫರನ್ನು ಮುಂದೆ ಯಾರೂ ಓದುವುದಿಲ್ಲ ಎಂದು ಕಂಪೈಲರ್ ಆ ಸಾಲನ್ನೇ ಕಿತ್ತುಹಾಕಬಹುದು. ಎಕ್ಸ್‌ಪ್ಲಿಸಿಟ್ ಬಿಜೀರೊ ಅಥವಾ ವಿಂಡೋಸ್‌ನ ಸೆಕ್ಯೂರ್‌ಜೀರೊಮೆಮೊರಿ ಇರುವುದೇ ಇದಕ್ಕೆ. ಡಾಟ್‌ನೆಟ್‌ನಲ್ಲಿ ಸ್ಟ್ರಿಂಗ್ ಒಳಗಿನದನ್ನು ಬದಲಿಸಲು ಬಿಡುವುದಿಲ್ಲ, ಹಾಗಾಗಿ ಪಾಸ್‌ವರ್ಡನ್ನು ಅಕ್ಷರಗಳ ಅರೇಯಲ್ಲಿ ಹಿಡಿದು ಕೆಲಸ ಮುಗಿದೊಡನೆ ಸೊನ್ನೆ ತುಂಬಬೇಕು. ಬೇಡದ ಮೆಮೊರಿ ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್ ಆ ಅರೇಯನ್ನು ಸ್ಥಳಾಂತರಿಸಿದರೆ ಹಳೆಯ ಜಾಗದಲ್ಲಿ ಪ್ರತಿ ಉಳಿಯಬಹುದು ಎಂಬುದನ್ನೂ ವರದಿಯಲ್ಲಿ ಬರೆಯಿರಿ.

ಮೊದಲೇ ಹೇಳಬೇಕಾಗಿದ್ದ ಮಾತು ಈಗ ನೆನಪಾಯಿತು. ಆ ಡಂಪ್‌ನ ಡ್ರೈವ್ ಲಿಂಕನ್ನು ಇಲ್ಲಿ ಹಾಕಿದ್ದೀರಿ. ಅದು ನಡೆಯುತ್ತಿರುವ ಅಂಗಡಿಯ ಯಂತ್ರದ್ದು; ಅದರೊಳಗೆ ಗ್ರಾಹಕರ ಹೆಸರು, ಫೋನ್ ನಂಬರ್, ಮಾಲೀಕರ ಪಾಸ್‌ವರ್ಡ್ ಇರಬಹುದು, ಡಂಪ್ ಸಣ್ಣದಾದರೂ. ಈ ಕ್ಷಣ ತೆಗೆಯಿರಿ, ಪಾಸ್‌ವರ್ಡ್ ಬದಲಿಸಲು ಮಾಲೀಕರಿಗೆ ಹೇಳಿ. ಅವರ ಲಿಖಿತ ಒಪ್ಪಿಗೆ ನಿಮ್ಮಲ್ಲಿ ಇಲ್ಲದಿದ್ದರೆ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ನಿಮ್ಮ ಮೇಲೆಯೇ ಬರಬಹುದು. ಲಿಂಕ್ ತೆಗೆದ ಮೇಲೆ ಪರೀಕ್ಷಾ ಖಾತೆಯ ಮೂರೂ ಡಂಪ್‌ಗಳಲ್ಲಿ ಸಿಕ್ಕ ಎಣಿಕೆಯನ್ನು ಮಾತ್ರ ಇಲ್ಲಿ ಬರೆಯಿರಿ, ನೋಡಿ ಹೇಳುತ್ತೇನೆ.